ಆರೋಗ್ಯವಂತನನ್ನು ನೋಡಲು ಬಂದವರು

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಅಲ್ಲಿಯವರೆಗೆ ನಾನು ನೆಮ್ಮದಿಯ ಮನುಷ್ಯ. ಬಿ.ಕಾಂ. ಓದಿ, ಚನ್ನಗಿರಿಯಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟು, ಊರ ಹೊರಗಿನ ಹೊಸ ಲೇಔಟಿನಲ್ಲಿ ಮನೆ ಕಟ್ಟಿಕೊಂಡು, ಕಾಯಿಲೆ ಎನ್ನುವುದು ಬೇರೆಯವರಿಗೆ ಬರುವಂಥದ್ದು ಎಂದು ದೃಢವಾಗಿ ನಂಬಿದ್ದೆ.

ಆರು ಹತ್ತಕ್ಕೆ, ನನ್ನ ಜೊತೆ ವಾಕಿಂಗ್ ಬರುತ್ತಿದ್ದ ಎದುರುಮನೆಯ ರುದ್ರಪ್ಪನವರು "ಈ ಸಲ ಮೆಕ್ಕೆಜೋಳ..." ಎಂದು ಶುರುಮಾಡಿ, ಮಾತು ಮುಗಿಸದೆ, ಟ್ರಾನ್ಸ್‌ಫಾರ್ಮರ್ ಕಂಬದ ಬುಡದಲ್ಲಿ ಕುಸಿದು ಕೂತರು. ಮುಖವೆಲ್ಲ ಬೆವರು. ನನ್ನ ಕೈ ಹಿಡಿದಿದ್ದರು. ಆ ಹಿಡಿತ ಸಡಿಲವಾಗುತ್ತಾ ಹೋದದ್ದು ಈಗಲೂ ನನ್ನ ಮುಂಗೈಗೆ ನೆನಪಿದೆ. ಪದವೀಧರನಾದ ನಾನು ಆ ಸಂದರ್ಭದಲ್ಲಿ ಕೈಗೊಂಡ ತುರ್ತು ಕ್ರಮವೆಂದರೆ, "ಗಿರಿಜಾ!" ಎಂದು ಕಿರುಚಿದ್ದು. ಹೆಂಡತಿ ಓಡಿ ಬಂದಳು, ಕಾರು ತರಿಸಿದಳು, ಅವರನ್ನು ದಾವಣಗೆರೆಗೆ ಸಾಗಿಸಿದಳು. ರುದ್ರಪ್ಪ ಉಳಿದರು. ಆಸ್ಪತ್ರೆಯ ಬಿಲ್ಲು ಬಂದಾಗ ಅವರ ಮಗ ಬೆವರಿದ್ದು ಅಪ್ಪನಿಗಿಂತ ಜಾಸ್ತಿ!

ಅಂದಿನಿಂದ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಆ ಕಂಬ. ತೇಗು ಬಂದರೂ ಹೃದಯಾಘಾತ. ರಾತ್ರಿಯೆಲ್ಲ ನಾನು ಗಿರಿಜಳನ್ನು ಎಬ್ಬಿಸಿ "ನಾಡಿ ನೋಡು" ಎನ್ನುವುದು, ಅವಳು ಕಣ್ಣು ಬಿಡದೆ "ಐತೆ, ಮಲಗ್ರಿ" ಎನ್ನುವುದು.

"ನಿಮಗೆ ಬೇಕಾಗಿರೋದು ಡಾಕ್ಟರಲ್ಲ, ಇನ್ಶೂರೆನ್ಸು," ಎಂದು ಕೊನೆಗೆ ಅವಳೇ ತೀರ್ಪು ಕೊಟ್ಟಳು.

ಅದು ಸಿಗುವುದು ಸುಲಭವೆಂದುಕೊಂಡಿದ್ದೆ. ನಮಗೆ ಸರ್ಕಾರಿ ನೌಕರಿಯಿಲ್ಲ. ಬಿಪಿಎಲ್ ಕಾರ್ಡಿಗೆ ಅಂಗಡಿ ಅಡ್ಡ. ದುಬಾರಿ ಪಾಲಿಸಿಗೆ ಅದೇ ಅಂಗಡಿಯ ವ್ಯಾಪಾರ ಅಡ್ಡ. ಅಗ್ಗದ ಪಾಲಿಸಿಯೊಂದನ್ನು ಓದಿ ನೋಡಿದೆ. ಮನುಷ್ಯರಿಗೆ ಸಾಮಾನ್ಯವಾಗಿ ಬರುವ ಕಾಯಿಲೆಗಳನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಹಣ ಕೊಡುತ್ತಾರಂತೆ! ಅಂತೂ ಹೊನ್ನಾಳಿಯ ಏಜೆಂಟ್ ಮಹೇಶಪ್ಪ ನಮ್ಮ ಕೈಗೆಟುಕುವ ಒಂದನ್ನು ಹುಡುಕಿ ತಂದರು. ದಾವಣಗೆರೆಯ ಲ್ಯಾಬಿನಲ್ಲಿ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಆಮೇಲೆ ಕಂಪನಿಯವರು ಮನೆಗೇ ಬಂದು ಆಸಾಮಿಯನ್ನು ಕಣ್ಣಾರೆ ನೋಡುತ್ತಾರೆ.

"ನೋಡಾಕೆ ಬಂದಾಗ ಲವಲವಿಕೆಯಿಂದ ಇರ್ರಿ ಸಾರ್. ರೋಗಿಷ್ಟನ ಥರ ಕಂಡ್ರೆ ಪ್ರೀಮಿಯಂ ಏರಿಸ್ತಾರೆ, ಇಲ್ಲಾ ಅರ್ಜೀನೇ ವಾಪಸ್."

"ನಾನೇನು ರೋಗಿಷ್ಟನ ಥರ ಕಾಣ್ತೀನಾ?"

ಮಹೇಶಪ್ಪ ಗಿರಿಜಳ ಮುಖ ನೋಡಿದರು. ಗಿರಿಜ ಫ್ಯಾನು ನೋಡಿದಳು.

ಆಗುವ ಮುಂಚೆ ಹೇಳಿಕೊಂಡರೆ ಕೆಲಸ ಕೆಡುತ್ತದೆಂಬುದು ನಮ್ಮ ಮನೆತನದ ನಂಬಿಕೆ. ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದು ಗಿರಿಜಳಿಗೆ ಕಟ್ಟಪ್ಪಣೆ ಮಾಡಿದೆ. ಅಲ್ಲಿಗೆ ಅನಾಹುತಕ್ಕೆ ಅಡಿಪಾಯ ಬಿತ್ತು.

ರಕ್ತ ಕೊಡುವ ದಿನ ನಸುಕಿನಲ್ಲಿ ಕಾರು ಹತ್ತುತ್ತಿದ್ದೆವು. ಪಕ್ಕದ ಮನೆಯ ಶಾರದಮ್ಮ ರಂಗೋಲಿ ಬಿಡುವುದನ್ನು ನಿಲ್ಲಿಸಿದರು.

"ಎಲ್ಲಿಗ್ರೀ ಇಷ್ಟೊತ್ತಿಗೆ?"

"ಸುಮ್ನೆ, ದಾವಣಗೆರೆಗೆ," ಎಂದಳು ಗಿರಿಜ.

"ಒಂದ್ಲೋಟ ಕಾಫಿ ಕುಡ್ದು ಹೋಗ್ರಿ."

"ಅವ್ರು ಏನೂ ಕುಡಿಯೋ ಹಂಗಿಲ್ರೀ."

ಶಾರದಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು. ಹಸಿವಿನಿಂದ ನನ್ನ ಮುಖವೂ ಬಾಡಿತ್ತು. ಸಾಕ್ಷ್ಯ ಪೂರ್ಣವಾಯಿತು!

ನಮ್ಮ ಕಡೆ ಮದುವೆಗೆ ಬಾರದವರಿಗೆ ಕ್ಷಮೆಯಿದೆ. ಕಾಯಿಲೆಯವರನ್ನು ಮಾತಾಡಿಸಲು ಬಾರದವರಿಗಿಲ್ಲ. ಮುಂದಿನ ಭಾನುವಾರ ಬೆಳಗ್ಗೆ ಶಾರದಮ್ಮನ ನೇತೃತ್ವದಲ್ಲಿ ಇಡೀ ಲೇಔಟು ನಮ್ಮ ನಡುಮನೆಯಲ್ಲಿ ಸೇರಿತ್ತು. ನ್ಯಾಮತಿಯಿಂದ ನನ್ನ ಭಾವ, ಗಿರಿಜಳ ಅಣ್ಣ, ಎಳನೀರಿನ ಗೊನೆಯನ್ನೇ ಹೊತ್ತು ತಂದಿದ್ದ. ಜಗಳೂರಿನ ನನ್ನ ಸೋದರತ್ತೆ ಬ್ರೆಡ್ಡು, ಮೋಸಂಬಿ, ಕಣ್ಣೀರು ಮೂರನ್ನೂ ತಂದಿದ್ದರು.

"ಅತ್ತೆ, ನನಗೇನೂ ಆಗಿಲ್ಲ!" ಎಂದೆ.

ಅತ್ತೆ ಗಿರಿಜಳ ಕಡೆ ವಾಲಿ, ಬೀದಿಗೆಲ್ಲ ಕೇಳುವಂಥ ಪಿಸುದನಿಯಲ್ಲಿ, "ಅವನಿಗಿನ್ನೂ ಹೇಳಿಲ್ವೇನೇ?" ಎಂದರು.

"ಹೇಳಾಕೆ ಏನೂ ಇಲ್ಲ ಅತ್ತೆ!"

"ಒಳ್ಳೇದು ಮಾಡ್ದೆ, ಹೇಳಬ್ಯಾಡ. ಮೊದ್ಲಿಂದ್ಲೂ ಪುಕ್ಕಲ ಅವನು."

ನನಗೇ ಅನುಮಾನ ಶುರುವಾಯಿತು. ಲ್ಯಾಬಿನವರು ಗಿರಿಜಳಿಗೆ ಮಾತ್ರ ಏನಾದರೂ ಹೇಳಿದ್ದಾರೆಯೆ? ಕಂಬ ಕಣ್ಣ ಮುಂದೆ ಬಂತು. ಹಣೆ ಬೆವರಿತು. ಗಾಳಿಗೆಂದು ಬಾಗಿಲ ಬಳಿ ಹೋಗಿ ನಿಂತೆ. ಸರಿಯಾಗಿ ಆಗಲೇ ಕಂಪನಿಯ ಮನುಷ್ಯ ಬರಬೇಕೆ!

ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಅತ್ತೆ ಮೂಗೊರೆಸುವ ಸದ್ದು. ಆತ ಶೂ ಬಿಚ್ಚಿ, ತಲೆ ತಗ್ಗಿಸಿ, ನನ್ನನ್ನು ಮೆಲ್ಲಗೆ ಕೇಳಿದ: "ಯಾವಾಗ ಆಯ್ತು ಸಾರ್?"

"ಏನು?"

"ಅಲ್ಲ... ಅರ್ಜಿದಾರರು..."

"ನಾನೇ ಅರ್ಜಿದಾರ!"

ಭಾವ ಅವನ ಕೈಗೊಂದು ಎಳನೀರು ಕೊಟ್ಟು, "ಸ್ನೇಹಿತರಾ? ನೋಡ್ರಿ, ಹೆಂಗಿದ್ದೋನು ಹೆಂಗಾಗ್ಯಾನೆ," ಎಂದ. ಶಾರದಮ್ಮ ಸುಮ್ಮನಿರುತ್ತಾರೆಯೆ? "ರಾತ್ರಿಯೆಲ್ಲ ನಾಡಿ ನೋಡು, ನಾಡಿ ನೋಡು ಅಂತಾರ್ರೀ. ನಮ್ಮನೇಗೂ ಕೇಳಿಸ್ತೈತೆ!"

ಕಂಪನಿಯ ಮನುಷ್ಯ ಪೆನ್ನು ತೆಗೆದ.

ಆರೋಗ್ಯವನ್ನು ಮಾತಿನಿಂದ ಸಾಬೀತುಪಡಿಸಲಾಗದೆಂದು ಮನಗಂಡ ನಾನು ಅಲ್ಲೇ ಎಲ್ಲರ ನಡುವೆ ಬಸ್ಕಿ ಹೊಡೆಯಲು ಪ್ರಾರಂಭಿಸಿದೆ. ಮೊದಲನೆಯದು ಸೊಗಸಾಗಿ ಬಂತು. ಎರಡನೆಯದಕ್ಕೆ ಕೂತವನು ಏಳಲಿಲ್ಲ. ಸೊಂಟ ಹಿಡಿದುಕೊಂಡಿತ್ತು.

"ಅಯ್ಯೋ, ಶುರುವಾತು!" ಎಂದು ಅತ್ತೆ ಕೂಗಿದರು. ಸಿಕ್ಕಸಿಕ್ಕವರು ಎತ್ತಿ ಮಲಗಿಸಿದರು. ಭಾವ ಮೊಬೈಲಿನಲ್ಲಿ ನೋಡಿ ಕಲಿತಿದ್ದಂತೆ ನನ್ನ ಎದೆಯನ್ನು ಎರಡೂ ಕೈಯಿಂದ ಒತ್ತತೊಡಗಿದ. ನನಗೆ ನಿಜವಾಗಿ ಎದೆನೋವು ಬಂದದ್ದು ಆಗಲೇ! ಕಂಪನಿಯ ಮನುಷ್ಯ ಒಳ್ಳೆಯವನು; ನನ್ನ ಅರ್ಜಿಯಿಂದಲೇ ನನಗೆ ಗಾಳಿ ಬೀಸಿದ.

ಗಿರಿಜ ಅಣ್ಣನನ್ನು ಪಕ್ಕಕ್ಕೆ ತಳ್ಳಿದಳು. "ಸಾರ್, ಇವ್ರಿಗೆ ರೋಗ ಇಲ್ಲ. ಒಬ್ರು ಕಣ್ಣೆದುರಿಗೇ ಕುಸಿದಿದ್ದು ನೋಡಿ ಹೆದ್ರಿದ್ದಾರೆ. ಅದಕ್ಕೇ ಈ ಪಾಲಿಸಿ ಬೇಕು ನಮಗೆ. ಬೇಕಾದ್ರೆ ಇನ್ನೊಂದು ಟೆಸ್ಟ್ ಮಾಡ್ಸಿ, ಹಂಗೇ ಬ್ಯಾಡ ಅನ್ನಬ್ಯಾಡ್ರಿ." ಆತ ಗಾಳಿ ಬೀಸುವುದನ್ನು ನಿಲ್ಲಿಸಿ, ಅದೇ ಅರ್ಜಿಯ ಮೂಲೆಯಲ್ಲಿ 'ಇನ್ನೊಂದು ಟೆಸ್ಟ್' ಎಂದು ಬರೆದುಕೊಂಡ.

ಸೊಂಟ ಸರಿಯಾದ ಮೇಲೆ ಟ್ರೆಡ್‌ಮಿಲ್ ಮೇಲೆ ಓಡಿಸಿದರು. "ಹೃದಯ ಗಟ್ಟಿ ಐತೆ," ಎಂದರು ಡಾಕ್ಟರು. "ಕಾಲು ಮಾತ್ರ ಯಾತಕ್ಕೂ ಬರಲ್ಲ." ಪಾಲಿಸಿಯಲ್ಲಿ ಕಾಲಿನ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ಹೇಳಿದ್ದ ಪ್ರೀಮಿಯಮ್ಮಿಗೇ ಮಂಜೂರಾಯಿತು!

ಕುಣಿದಾಡುವಷ್ಟರಲ್ಲಿ ಮಹೇಶಪ್ಪನವರ ಫೋನು. "ಸಾರ್, ಮೊದಲ್ನೇ ತಿಂಗಳು ಕಾಯಿಲೆಗೆ ದುಡ್ಡು ಬರಲ್ಲ. ಅಪಘಾತ ಆದ್ರೆ ಮಾತ್ರ."

ಗಿರಿಜ ಪಕ್ಕದಿಂದಲೇ, "ಕೇಳಿಸ್ಕೊಂಡ್ರಾ? ಈ ತಿಂಗಳು ಎದೆನೋವು ಬಂದ್ರೆ ಮನೇಲಿ ಮಲಗಬ್ಯಾಡ್ರಿ. ಬಸ್ಸಿಗೆ ಅಡ್ಡ ನಿಲ್ರಿ," ಎಂದಳು.

ಆ ತಿಂಗಳು ನಾನು ಬೋಂಡ ಮುಟ್ಟಲಿಲ್ಲ, ಮಳೆಯಲ್ಲಿ ನೆನೆಯಲಿಲ್ಲ, ಯಾರ ಮೇಲೂ ರೇಗಲಿಲ್ಲ. ನಮ್ಮ ದಾಂಪತ್ಯದ ಅತ್ಯುತ್ತಮ ತಿಂಗಳು ಅದೆಂದು ಗಿರಿಜ ಇಂದಿಗೂ ಹೇಳುತ್ತಾಳೆ.

ತಿಂಗಳು ಮುಗಿದದ್ದು ಒಂದು ಸೋಮವಾರ. ಅವತ್ತು ಮಲಗಿದವನಿಗೆ ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು. ಕಂಬ ಕನಸಿಗೂ ಬಂದಿರಲಿಲ್ಲ.

"ಗಿರಿಜಾ, ಒಂದ್ಸಲಾನೂ ಎಚ್ಚರ ಆಗ್ಲಿಲ್ಲ ಕಣೇ!"

"ನಂಗೊತ್ತು," ಎಂದಳು ಕೆಂಪಗಾದ ಕಣ್ಣು ಉಜ್ಜುತ್ತಾ. "ಅಲ್ಲಾಡದಂಗೆ ಮಲಗಿದ್ರೆ ಏನಂತ ತಿಳ್ಕೊಳ್ಳೋದು? ಮೂಗಿನ ಕೆಳಗೆ ಬೆರಳಿಟ್ಟು ನೋಡಿ ನೋಡಿ ನಂಗೆ ನಿದ್ದೇನೇ ಬರ್ಲಿಲ್ಲ. ಇವತ್ತು ರಾತ್ರಿ ಕಾಯೋ ಪಾಳಿ ನಿಮ್ದು. ನಾನು ಮಲಗ್ತೀನಿ."

ಆಗಲಿ, ಅದು ಪತಿಯಾದ ನನ್ನ ಕರ್ತವ್ಯ ಎಂದು ಗಂಭೀರವಾಗಿ ಒಪ್ಪಿಕೊಂಡೆ.

ಅವತ್ತೂ ನನಗೆ ಒಳ್ಳೆಯ ನಿದ್ದೆ ಬಂತು!