ಇಳಿಯುವ ಬೆಲೆ, ಬೆಳೆಯುವ ಜಡೆ

ಕನಕರಾಜುವಿನ ಮಗ ಚೇತುವಿನ ಕೂದಲು ಸೊಂಟಕ್ಕೆ ಮುಟ್ಟಿದ್ದು ಡಿಜಿಟಲ್ ಕ್ಯಾಮೆರಾದ ಬೆಲೆಯಿಂದ. ಇದು ಕೆ.ಆರ್. ನಗರದ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಮಗ ಹುಟ್ಟಿದ ವಾರದಲ್ಲೇ ಕನಕರಾಜು ಊರಿಗೆಲ್ಲ ಸಾರಿಬಿಟ್ಟಿದ್ದ: ಮುಡಿ ಕೊಡುವ ದಿನ ಮಗುವಿಗೆ ಲಂಗ ಹಾಕಿ, ಮೊಗ್ಗಿನ ಜಡೆ ಹೆಣೆಸಿ, ಸ್ವಂತ ಡಿಜಿಟಲ್ ಕ್ಯಾಮೆರಾದಲ್ಲಿ ತಾನೇ ಫೋಟೊ ತೆಗೆಯುತ್ತೇನೆ, ಅಲ್ಲಿಯವರೆಗೆ ತಲೆಗೆ ಕತ್ತಿ ತಾಗಿಸುವಂತಿಲ್ಲ. ಮುಡಿ ಕೊಡುವುದು ಬೆಸ ವರ್ಷದಲ್ಲಿ ತಾನೇ? ಮೊದಲನೇ ವರ್ಷ ವಿಚಾರಿಸಿದರೆ ಕ್ಯಾಮೆರಾದ ಬೆಲೆ ಇಪ್ಪತ್ತು ಸಾವಿರದ ಮೇಲಿತ್ತು. ಮೂರನೇ ವರ್ಷದಲ್ಲಿ ಕೊಟ್ಟರಾಯಿತು ಎಂದ. ಮೂರನೇ ವರ್ಷಕ್ಕೆ ಬೆಲೆ ಹದಿನಾಲ್ಕು ಸಾವಿರಕ್ಕೆ ಇಳಿಯಿತು. ಇಳಿಯುತ್ತಿರುವುದನ್ನು ಕಣ್ಣಾರೆ ಕಂಡ ಮೇಲೆ ಕೊಳ್ಳುವ ಮನಸ್ಸು ಯಾವನಿಗೆ ಬರುತ್ತದೆ? ಅವನು ರೈಸ್ ಮಿಲ್ಲಿನ ಗುಮಾಸ್ತ. ಬೆಲೆ ಏರಲೆಂದು ಭತ್ತ ಕೂಡಿಟ್ಟುಕೊಂಡು ಕಾಯುವ ಸಾಹುಕಾರರನ್ನು ದಿನಾ ನೋಡಿ ನೋಡಿ, ಕಾಯುವವನೇ ಜಾಣ ಎಂಬ ಪಾಠವನ್ನು ತಲೆಕೆಳಗಾಗಿ ಕಲಿತಿದ್ದ.

ಹೀಗೆ ಚೇತುವಿಗೆ ಐದನೇ ವರ್ಷ ನಡೆಯುವ ಹೊತ್ತಿಗೆ ಎರಡು ಜಡೆ, ಎರಡು ರಿಬ್ಬನ್ನು. ಅಂಗನವಾಡಿಯ ಮಕ್ಕಳು 'ಚೇತನಕ್ಕ' ಎಂದು ಕರೆಯುತ್ತಿದ್ದರು. ಹೊಸದಾಗಿ ಬಂದ ಟೀಚರು ಅವನನ್ನು ಹುಡುಗಿಯರ ಕೋಲಾಟಕ್ಕೆ ನಿಲ್ಲಿಸಿದ್ದರು. ಅವತ್ತು ಆ ಹುಡುಗ ಕೋಲು ಎಸೆದು ಮನೆಗೆ ಓಡಿ ಬಂದು, ಮುಡಿ ಯಾವಾಗ, ಮುಡಿ ಯಾವಾಗ ಎಂದು ಅಮ್ಮನ ಸೆರಗು ಹಿಡಿದು ಜಗ್ಗಿದ್ದ.

ಅಮ್ಮ ಶಾಂತಲಾಗೆ ತನ್ನದೇ ಬಾಲ್ಯದ ಒಂದು ಪಟವೂ ಇರಲಿಲ್ಲ. ಮಗನದಾದರೂ ಇರಲಿ ಎಂಬುದು ಅವಳ ದೊಡ್ಡ ಆಸೆ. ಮೊದಲೆಲ್ಲ ಸ್ಟುಡಿಯೋದವನನ್ನು ಕರೆಸಿ ಎಂದು ಗೋಗರೆದಿದ್ದಳು. ಗಂಡನ ಬಾಯಲ್ಲಿ ಕೇಳಿ ಕೇಳಿ ಅವಳಿಗೂ ಡಿಜಿಟಲ್ಲಿನ ಹುಚ್ಚು ಹತ್ತಿತು. ಈಗ ತೆಗೆದರೆ ಅದರಲ್ಲೇ, ಅವರ ಕೈಯಲ್ಲೇ ಎಂದು ಕುಳಿತಿದ್ದಳು.

ಕೊನೆಗೆ ಕನಕರಾಜುವಿನ ಅತ್ತೆ ಬಸವಮ್ಮನೇ ದಿನ ಗೊತ್ತು ಮಾಡಿದರು. ಬರುವ ಅಮಾವಾಸ್ಯೆ ಕಳೆದರೆ ಆಷಾಢ, ಆಷಾಢದಲ್ಲಿ ಮುಡಿ ಇಲ್ಲ. ಚೇತುವಿನ ಹುಟ್ಟಿದ ದಿನ ಬರುವುದೂ ಆಷಾಢದಲ್ಲೇ. ಹಾಗಾಗಿ ಈ ಬುಧವಾರವೇ ಚುಂಚನಕಟ್ಟೆಯಲ್ಲಿ ಹೊಳೆಯ ದಡದಲ್ಲಿ ಮುಡಿ. ಹನ್ನೆರಡಕ್ಕೆ ರಾಹುಕಾಲ ಹಿಡಿಯುವುದರೊಳಗೆ ಮುಗಿಯಬೇಕು.

ಬುಧವಾರ ಬೆಳಿಗ್ಗೆ ನೆಂಟರೆಲ್ಲ ಟೆಂಪೊ ಹತ್ತಿದರು. ಕನಕರಾಜು ಅಂಗಡಿ ತೆರೆಯುತ್ತಲೇ ಕ್ಯಾಮೆರಾ ತೆಗೆದುಕೊಂಡು ಬಸ್ಸಿನಲ್ಲಿ ಬರುವುದೆಂದು ಮಾತಾಯಿತು. ಮಿಲ್ಲಿನ ಜೊತೆಗಾರ ಉಮಾಶಂಕರನೂ ಊಟಕ್ಕೆಂದು ಟೆಂಪೊ ಹತ್ತಿದ್ದ. ಪೇಪರಿನ ಜಾಹೀರಾತುಗಳನ್ನು ವೇದದಂತೆ ಓದುವ ಆಸಾಮಿ. ಹೊರಡುವ ಟೆಂಪೊದಿಂದ ಕತ್ತು ಹೊರಗೆ ಹಾಕಿ, "ಲೇ ಕನಕ, ಗಣೇಶನ ಅಬ್ಬಕ್ಕೆ ಆಫರ್ ಬುಡ್ತಾರೆ ಕಣ್ಲಾ. ಇನ್ನೊಂದ್ ಎರಡು ತಿಂಗ್ಳು ತಡ್ಕಂಡಿದ್ರೆ ಏನ್ ಗಂಟೋಯ್ತಿತ್ತು?" ಎಂದ. ಆ ಮಾತು ಕನಕರಾಜುವಿನ ಹೊಟ್ಟೆಯೊಳಗೆ ಹೋಗಿ ಕೂತಿತು.

ಅಂಗಡಿಯ ಪುಟ್ಟಮಲ್ಲಪ್ಪ ಇನ್ನೂ ಧರ್ಮರಾಯ. ಕ್ಯಾಮೆರಾದ ಡಬ್ಬ ಮೇಜಿನ ಮೇಲಿಟ್ಟವನೇ, "ಸುಳ್ ಯಾಕೇಳ್ಲಿ ಕನಕರಾಜು? ಸೋಮವಾರ ಒಸ ಮಾಡ್ಲು ಬತ್ತದೆ. ಆಗ ಇದು ಇನ್ನೂ ಐನೂರು ಇಳೀತದೆ. ಆಮ್ಯಾಕೆ ನನ್ನ ಬೈಕೋಬೇಡಿ," ಎಂದ.

ಬುಧವಾರಕ್ಕೂ ಸೋಮವಾರಕ್ಕೂ ನಡುವೆ ಐನೂರು ರೂಪಾಯಿ! ಕನಕರಾಜುವಿನ ಕೈ ಜೇಬಿನೊಳಗೇ ನಿಂತಿತು. ಯೋಚಿಸಿ ಬರುತ್ತೇನೆಂದು ಎದುರಿನ ಟೀ ಅಂಗಡಿಗೆ ಹೋಗಿ ಕೂತ. ಒಂದು ಟೀ ಮುಗಿದು ಇನ್ನೊಂದು ಬಂತು. ಸೋಮವಾರಕ್ಕೆ ಮುಡಿಯನ್ನೇ ಮುಂದಕ್ಕೆ ಹಾಕಿದರೆ ಹೇಗೆ ಎಂದೂ ಲೆಕ್ಕ ಹಾಕಿದ. ಆಷಾಢ ಅಡ್ಡ ಬಂದು, ಅತ್ತೆಯ ಮುಖ ನೆನಪಾಗಿ, ಆ ಯೋಚನೆ ಬಿಟ್ಟ. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು.

"ಜಡೆ ಎಣ್ದಾಯ್ತು ಕಣ್ರೀ," ಎಂದಳು ಶಾಂತಲಾ. "ನೀವು ಬರೋಗಂಟ ಕತ್ತಿ ಮುಟ್ಟಾಕೆ ಬುಡಕಿಲ್ಲ ಅಂತ ಏಳಿವ್ನಿ. ಎಷ್ಟ್ ಚೆಂದಾಗ್ ಕಾಣ್ತಾವ್ನೆ ಗೊತ್ತಾ? ಬ್ಯಾಗ ಬನ್ನಿ."

ಆ ದನಿಯಲ್ಲಿದ್ದ ಸಂತೋಷ ಕೇಳಿ ಕನಕರಾಜು ಎದ್ದು ನಿಂತ. ಥೂ, ಐನೂರು ರೂಪಾಯಿಗೆ ಇಷ್ಟು ಹೊತ್ತು ಕೂತೆನಲ್ಲ ಎಂದು ತನಗೆ ತಾನೇ ಬೈದುಕೊಂಡು ಹೋಗಿ, ದುಡ್ಡು ಎಣಿಸಿ ಕೊಟ್ಟು, ಕ್ಯಾಮೆರಾವನ್ನು ಎದೆಗವಚಿಕೊಂಡ. ಗುಂಡಿ ಒತ್ತಿದ. ಕ್ಯಾಮೆರಾ ಕಣ್ಣು ಬಿಡಲಿಲ್ಲ.

"ಚಾರ್ಜ್ ಮಾಡ್ದೆ ಎಂಗ್ ಆನ್ ಆದದು?" ಎಂದ ಪುಟ್ಟಮಲ್ಲಪ್ಪ. ಅಂಗಡಿಯಲ್ಲೇ ಹಾಕೋಣವೆಂದರೆ ಕರೆಂಟು ಹೋಗಿತ್ತು. ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಜನರೇಟರ್ ಇದೆಯೆಂದು ಯಾರೋ ಹೇಳಿದರು.

ಹೋಟೆಲಿನವನು ಪಾಪ, ಅಡುಗೆಮನೆಯ ಬಾಗಿಲಲ್ಲಿದ್ದ ಪ್ಲಗ್ಗು ತೋರಿಸಿದ. ಚಾರ್ಜರಿನ ಕೆಂಪು ದೀಪ ಹತ್ತಿತು. ಕನಕರಾಜು ಒಂದು ಇಡ್ಲಿ ಹೇಳಿ ಕೂತ. ತಿಂಡಿ ತಿನ್ನುತ್ತಿದ್ದವರೆಲ್ಲ ಕೈ ತೊಳೆದು ಕ್ಯಾಮೆರಾ ನೋಡಲು ಸುತ್ತುವರಿದರು. ಎಷ್ಟು ಕೊಟ್ಟಿರಿ ಎಂದು ಒಬ್ಬ ಕೇಳಿದ. ಇವನು ಹೇಳಿದ್ದೇ ತಡ, ಎಲ್ಲರೂ ಒಟ್ಟಿಗೆ ಲೊಚಗುಟ್ಟಿದರು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬ, ಮೈಸೂರಿನಲ್ಲಿ ಇದೇ ಕ್ಯಾಮೆರಾ ಎಂಟುನೂರು ಕಡಿಮೆಗೆ ಸಿಗುತ್ತದೆ ಎಂದ. ಬಿಲ್ಲಿಲ್ಲದ ಮಾಲಿರಬೇಕು ಎಂದು ಕನಕರಾಜು ರೇಗಿದ. ಬಿಲ್ಲು, ಗ್ಯಾರಂಟಿ, ಮೈಸೂರಿಗೆ ಹೋಗಿಬರುವ ಬಸ್ ಚಾರ್ಜು ಎಲ್ಲ ಹಿಡಿದು ವಾದ ನಡೆಯಿತು. ಗೆದ್ದು ತಿರುಗಿ ನೋಡಿದರೆ ಅದೇ ಪ್ಲಗ್ಗಿನಲ್ಲಿ ಮಿಕ್ಸಿ ಗರ್ರೆನ್ನುತ್ತಿದೆ. ಅಡುಗೆಭಟ್ಟ ಯಾವಾಗಲೋ ಚಾರ್ಜರು ಕಿತ್ತು ಮೊಳೆಗೆ ನೇತುಹಾಕಿ ಚಟ್ನಿಗೆ ಕಾಯಿ ರುಬ್ಬುತ್ತಿದ್ದ.

ಮತ್ತೆ ಹಾಕಿಸಿ, ಈ ಸಲ ಪ್ಲಗ್ಗಿನ ಮುಂದೆಯೇ ದ್ವಾರಪಾಲಕನಂತೆ ನಿಂತ. ಶಾಂತಲಾಳ ಫೋನು ಬಂತು, ಮತ್ತೆ ಬಂತು. ಬಂದೆ, ಬಂದುಬಿಟ್ಟೆ ಎಂದ. ಕ್ಯಾಮೆರಾ ಕಣ್ಣು ಬಿಡುವಷ್ಟಾದ ಕೂಡಲೇ ಓಡಿ ಬಸ್ಸು ಹಿಡಿದ. ಆ ಬಸ್ಸೋ, ಕೈ ತೋರಿಸಿದಲ್ಲೆಲ್ಲ ನಿಂತಿತು.

ಚುಂಚನಕಟ್ಟೆಯ ದಡಕ್ಕೆ ಅವನು ಏದುಸಿರು ಬಿಡುತ್ತಾ ಬಂದಾಗ ಹೊಳೆ ಭೋರೆನ್ನುತ್ತಿತ್ತು. ಮೊಗ್ಗಿನ ಜಡೆಯನ್ನು ಅರ್ಧ ಕಿತ್ತುಕೊಂಡು ಚೇತು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಕಾಡಿಗೆಯೆಲ್ಲ ಕೆನ್ನೆಗೆ ಇಳಿದಿತ್ತು. ಕೂದಲು ಮಾತ್ರ ಹಾಗೇ ಇತ್ತು. ಸದ್ಯ ಎಂದು ಕನಕರಾಜು ಕ್ಯಾಮೆರಾ ಎತ್ತಿದ.

"ಇಳಿಸಿ ಅಳಿಯಂದ್ರೇ," ಎಂದರು ಬಸವಮ್ಮ. "ರಾವುಕಾಲ ಇಡೀತು. ಕತ್ತಿಯವ್ನು ಎದ್ದೋದ. ಒತ್ತು ತಿರುಗಿದ್ ಮ್ಯಾಲೆ ಮಕ್ಕಳ್ ತಲೆಗೆ ಕೈಯಿಕ್ಕಕಿಲ್ವಂತೆ. ನಾಳಿಕ್ಕೆ ಅಮಾಸೆ, ಆಮ್ಯಾಲೆ ಆಸಾಡ. ಆಸಾಡ ಕಳ್ಯೋದ್ರೊಳ್ಗೆ ಮಗೀಗೆ ಆರನೇ ವರ್ಸ ಬಿತ್ತು. ಸರಿ ವರ್ಸ ಆಗಕಿಲ್ಲ. ಇನ್ನೇನಿದ್ರೂ ಏಳ್ರಲ್ಲೇ."

ಹಾಗಾದರೆ ಜಡೆಯದೊಂದು ಫೋಟೊವನ್ನಾದರೂ ಈಗ ತೆಗೆದುಬಿಡುತ್ತೇನೆ ಎಂದು ಕನಕರಾಜು ಅಂಗಲಾಚಿದ. ಮುಡಿ ಕೊಡದೆ ಬರೀ ಶೃಂಗಾರದ ಪಟ ತೆಗೆದರೆ ಮಗುವಿಗೆ ದೃಷ್ಟಿಯಾಗುತ್ತದೆಂದು ಅತ್ತೆ ಒಪ್ಪಲಿಲ್ಲ. ಶಾಂತಲಾ ಅವನ ಕಡೆ ತಿರುಗಲೂ ಇಲ್ಲ. ಉದುರಿದ ಮೊಗ್ಗುಗಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅವಳ ಕಣ್ಣು ಒದ್ದೆಯಾಗಿದ್ದುದು ಕಂಡು ಕನಕರಾಜುವಿಗೆ ಅಲ್ಲೇ ಹೊಳೆಗೆ ಹಾರಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ಎಚ್ಚರವಾದ ಚೇತು ತಲೆ ಮುಟ್ಟಿ ನೋಡಿಕೊಂಡ. ಜಡೆ ಇನ್ನೂ ಇತ್ತು. ಒಂದನೇ ಕ್ಲಾಸಿಗೂ ಅದನ್ನೇ ಹೊತ್ತುಕೊಂಡು ಹೋಗಬೇಕೆಂದು ತಿಳಿದು ಅವನು ತೆಗೆದ ರಾಗಕ್ಕೆ ಹೊಳೆಯ ಸದ್ದೂ ಅಡಗಿತು.

ಮಾಡಿದ ಅಡುಗೆ ಹಾಳಾಗಬಾರದೆಂದು ಊಟವಂತೂ ನಡೆಯಿತು. ಉಮಾಶಂಕರ ಪಾಯಸಕ್ಕೆ ಎರಡು ಸಲ ಎಲೆ ಒಡ್ಡಿ, ಕೈ ತೊಳೆದು, ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ಬಂದು ಕನಕರಾಜುವಿನ ಪಕ್ಕದಲ್ಲಿ ಕೂತ. ಕ್ಯಾಮೆರಾವನ್ನು ಹಿಂದುಮುಂದು ತಿರುಗಿಸಿ ನೋಡಿದ. ಎಷ್ಟು ಕೊಟ್ಟೆ ಎಂದು ಕೇಳಿ ತಿಳಿದುಕೊಂಡ. ಆಮೇಲೆ ಅಯ್ಯೋ ಪಾಪ ಎಂಬಂತೆ ಗೆಳೆಯನ ಹೆಗಲ ಮೇಲೆ ಕೈಯಿಟ್ಟ.

"ಮುಡಿಗೆ ಇನ್ನೂ ಒಂದು ವರ್ಸದ ಮ್ಯಾಲದೆ. ಅಷ್ಟೊತ್ಗೆ ಇದು ಅರ್ಧಕ್ಕರ್ಧ ಇಳೀತಿತ್ತು. ಅಷ್ಟೊಂದು ಆತ್ರ ಏನಿತ್ಲಾ ನಿಂಗೆ?"