ಹಾಲುಹಲ್ಲಿಗೆ ನೇಲ್‌ಪಾಲಿಶ್

ಮಗ್ಗದ ಸದ್ದಿನಲ್ಲಿ ಬಾಳುವೆ ಮಾಡುವವರಿಗೆ ಪಿಸುಮಾತು ಬರುವುದಿಲ್ಲ. ಗಡಿಯಾಚೆ, ಮರಾಠಿ ಸೀಮೆಯ ಇಚಲಕರಂಜಿಯ ಶಹಾಪುರದಲ್ಲಿ ನನ್ನದೊಂದು ಪುಟ್ಟ ಪವರ್‌ಲೂಮ್ ಶೆಡ್ಡು. ಹಗಲೆಲ್ಲ ಅಲ್ಲಿ ಕೂಗಿ ಮಾತಾಡಿ ಎಂಥ ರೂಢಿಯಾಗಿದೆಯೆಂದರೆ, ಊಟಕ್ಕೆ ಕುಳಿತು ನಾನು ಉಪ್ಪು ಕೇಳಿದರೆ ಪಕ್ಕದ ಮನೆಯವರು ಉಪ್ಪಿನ ಡಬ್ಬಿ ಹಿಡಿದು ಬಂದಾರು. ಇಂಥ ನಾನು ಒಂದು ಗುಟ್ಟು ಕಾಯಬೇಕಾಗಿ ಬಂತು. ನಾಲ್ಕು ವರ್ಷದ ಮಗಳು ಶ್ರುತಿಯನ್ನು ಅವಳಿಗೇ ಗೊತ್ತಾಗದಂತೆ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯುವ ಗುಟ್ಟು.

ಹಿಂದೊಮ್ಮೆ ಅವಳ ದವಡೆಹಲ್ಲೊಂದು ಹುಳುಕಾಗಿ, ತುಂಬಿಸಿಕೊಂಡು ಬಂದಿದ್ದೆವು. ಆಗ ಅವಳು ಅತ್ತದ್ದನ್ನು ನಾನು ಹೇಗೋ ತಡೆದುಕೊಂಡೆ. ಆಮೇಲೆ ಎಷ್ಟೋ ದಿನ ಬಿಸ್ಕೀಟನ್ನು ಒಂದೇ ಬದಿಗೆ ಹಾಕಿಕೊಂಡು ಹೆದರಿ ಹೆದರಿ ಅಗಿಯುತ್ತಿದ್ದಳಲ್ಲ, ಅದನ್ನು ಮಾತ್ರ ನೋಡಲಾಗಲಿಲ್ಲ. ಉಳಿದ ಹಲ್ಲುಗಳಾದರೂ ಕೆಡದಿರಲೆಂದು ಡಾಕ್ಟರು ಫ್ಲೋರೈಡ್ ಎಂಬ ಔಷಧಿ ಹಚ್ಚಿಸಲು ಹೇಳಿದ್ದರು.

ನಮ್ಮವ್ವ ಮಾತ್ರ ಒಪ್ಪಲಿಲ್ಲ. "ಹಾಲಹಲ್ಲು ಹೆಂಗಿದ್ರೂ ಬೀಳತಾವು. ಬೀಳೂ ಹಲ್ಲಿಗೆ ಯಾಕ ಬಣ್ಣ ಬಳೀತೀರಿ?"

ನನ್ನ ಹೆಂಡತಿ ಪದ್ಮಜಾ ಮೆತ್ತಗೆ ಹೇಳಿದಳು: "ಬೀಳೂತನಕಾ ಕೂಸು ಉಣಬೇಕಲ್ರೀ ಅತ್ತಿ. ಹೊಸಾ ಹಲ್ಲಿಗೆ ಜಾಗಾ ಹಿಡಿಯೂವೂ ಇವ ಅಂತ್ರಿ." ಅವ್ವ ಮೊರ ಎಳೆದುಕೊಂಡು ಕಾಳು ಹಸನು ಮಾಡತೊಡಗಿದಳು. ಅಂದರೆ ಒಪ್ಪಿಗೆ ಸಿಕ್ಕಿತು ಎಂದು ನಾವು ತಿಳಿದುಕೊಂಡೆವು.

ಹೊರಡುವ ಮುಂಚೆ ಅಡುಗೆಮನೆಗೆ ಹೋಗಿ, ನನ್ನ ಮಟ್ಟಿಗೆ ಬಹಳ ಸಣ್ಣ ದನಿಯಲ್ಲೇ ಪದ್ಮಜಾಳಿಗೆ ಹೇಳಿದೆ: "ಡಾಕ್ಟರ್ ಅಂತ ಅಕಿಗೆ ಹೇಳಬ್ಯಾಡ." ಪಡಸಾಲೆಯಿಂದ ತಕ್ಷಣ ಅಳು ಕೇಳಿಸಿತು: "ಯಾವ ಡಾಕ್ಟರ್, ಪಪ್ಪಾ?"

ದವಾಖಾನೆಯಲ್ಲಿ ನನ್ನ ತೊಡೆಯ ಮೇಲೆ ಕುಳಿತ ಶ್ರುತಿ ತುಟಿ ಬಿಗಿದಳು. ಬಲೂನು ಕೊಡಿಸುತ್ತೇನೆಂದೆ, ತುಟಿ ಬಿಚ್ಚಲಿಲ್ಲ. ಬಾಗಿಲಾಚೆ ಕುಳಿತಿದ್ದ ಬೇರೆ ಮಕ್ಕಳು ಬಲೂನೆಂದು ಕೇಳಿ ಒಳಗೆ ಇಣುಕಿದವು, ಅಷ್ಟೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮರಾಠಿಯವರು. ನನಗೆ ಸುಮ್ಮನಿರಲು ಸನ್ನೆ ಮಾಡಿ, ಮಗಳ ಹೆಬ್ಬೆರಳು ಹಿಡಿದು, ಸಣ್ಣ ಬ್ರಶ್ಶಿನಿಂದ ಅದೇ ಔಷಧಿಯನ್ನು ಉಗುರಿಗೆ ಸವರಿದರು. "ಬಘ ಬಾಳಾ, ದಾತಾಂಚಂ ನೇಲ್‌ಪಾಲಿಶ್!"

ಹಲ್ಲಿಗೂ ನೇಲ್‌ಪಾಲಿಶ್ ಇರುತ್ತದೆಂಬುದು ಶ್ರುತಿಗೆ ಅದೇ ಮೊದಲು ತಿಳಿದದ್ದು. ಉಗುರನ್ನು ಬೆಳಕಿಗೆ ಹಿಡಿದು ನೋಡಿದಳು. "ಗುಲಾಬಿ ಇಲ್ಲೇನ್ರೀ?" ಎಂದು ಕೇಳಲು ಬಾಯಿ ತೆರೆದಳು. ಅಷ್ಟರೊಳಗೆ ಡಾಕ್ಟರಮ್ಮ ಮುಂದಿನ ಹಲ್ಲುಗಳಿಗೆ ಹಚ್ಚಿಯೇಬಿಟ್ಟಿದ್ದರು. ನೋಯುವುದಿಲ್ಲವೆಂದು ಗೊತ್ತಾದ ಮೇಲೆ ದವಡೆಯವರೆಗೂ ತಾನಾಗಿ ಬಾಯಿ ಕೊಟ್ಟಳು. ಬೆವರು ಒರೆಸಿಕೊಂಡವನು ನಾನು.

ರಾತ್ರಿಯಾಗುವವರೆಗೂ ಬಿಸಿಯದು, ಗಟ್ಟಿಯದು ಕೊಡಬಾರದು, ಮರುದಿನದವರೆಗೆ ಹಲ್ಲುಜ್ಜಬಾರದು ಎಂದರು ಡಾಕ್ಟರಮ್ಮ. ನಾವು ಜೈನರು, ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ಬಿಸಿರೊಟ್ಟಿ ತಿನ್ನುವಂತಿಲ್ಲ, ಕೂಸು ಉಪವಾಸ ಮಲಗುತ್ತದಲ್ಲಾ ಎಂದು ಚಿಂತಿಸುತ್ತ, ಪದ್ಮಜಾಳಿಗೆ ಫೋನು ಮಾಡಿ ಮನೆಗೆ ಬಂದರೆ, ಫೋನಿನಲ್ಲಿ ನನ್ನ ದನಿ ಕೇಳಿಸಿಕೊಂಡಿದ್ದ ಅವ್ವ ಅನ್ನ ಆರಿಸಿ, ಮೊಸರು ಕಲಸಿ, ಬಟ್ಟಲು ಹಿಡಿದು ಬಾಗಿಲಲ್ಲೇ ಕುಳಿತಿದ್ದಳು. "ಎಲ್ಲಿ, ಬಣ್ಣಾ ತೋರ್ಸು," ಎಂದಳು. ಶ್ರುತಿ ಹೆಮ್ಮೆಯಿಂದ ಬಾಯಿ ತೆರೆದಳು. ಅವ್ವ ಮೊದಲ ತುತ್ತಿಟ್ಟಳು. ಬಟ್ಟಲು ಖಾಲಿಯಾಗುವವರೆಗೆ ಇಬ್ಬರೂ ನನ್ನ ಕಡೆ ನೋಡಲಿಲ್ಲ.

ಕೆಲವು ತಿಂಗಳ ಮೇಲೆ ಮತ್ತೆ ಹಚ್ಚಿಸಲು ಹೋದೆವು. ಶ್ರುತಿ ತಾನೇ ಕುರ್ಚಿ ಹತ್ತಿ ಕುಳಿತಳು. ಹೊಸದಾಗಿ ಒಂದು ಹಲ್ಲೂ ಕೆಟ್ಟಿರಲಿಲ್ಲ. ಡಾಕ್ಟರಮ್ಮ "ಶಾಬಾಸ್" ಅಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಬಾಯಿ ತುಂಬ ನಕ್ಕುಬಿಟ್ಟೆ. ಕುರ್ಚಿಯ ಮೇಲೆ ಹಲ್ಲು ನೋಡಲು ಹಚ್ಚಿದ್ದ ದೀಪ ಇನ್ನೂ ಉರಿಯುತ್ತಿತ್ತು. ಅವರು ಅದನ್ನು ಮೆಲ್ಲನೆ ನನ್ನ ಬಾಯಿಯ ಕಡೆ ತಿರುಗಿಸಿ, ನನ್ನ ಹಲ್ಲು ನೋಡಿ, "ಅರೇ ದೇವಾ!" ಎಂದು ನನಗೇ ಕುರ್ಚಿ ತೋರಿಸಿದರು.