ಚೆಕ್ಕರನ ಚಾಳೀಸು

ಅನುಮಾನ ಪಡುವುದಕ್ಕೇ ಪಗಾರ ತೆಗೆದುಕೊಳ್ಳುವ ಮನುಷ್ಯನನ್ನು ಇಂಥ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ಎಂಬತ್ತರ ದಶಕದಲ್ಲಿ ನಾನು ನಿಪ್ಪಾಣಿಯ ಒಂದು ಬೀಡಿ ಕಾರ್ಖಾನೆಯಲ್ಲಿ ಚೆಕ್ಕರ್ ಆಗಿದ್ದೆ. ಹೆಣ್ಣುಮಕ್ಕಳು ಮನೆಯಲ್ಲಿ ಕಟ್ಟಿ ತಂದ ಬೀಡಿಗಳನ್ನು ಸಂಜೆ ನೋಡುವುದು, ಸಡಿಲಾದದ್ದು, ಸೊಟ್ಟಾದದ್ದು, ಎಲೆ ಹರಿದದ್ದು ಕಂಡರೆ ತೆಗೆದು ಬಿಸಾಕುವುದು ನನ್ನ ಕೆಲಸ. ನಲವತ್ತು ದಾಟಿದ ಮೇಲೆ ಕಣ್ಣು ಮಂಜಾಯಿತು. ಕೈಯಲ್ಲಿ ಬೀಡಿ ಎಲ್ಲಿ ಮುಗಿಯುತ್ತದೆ, ಬೆರಳು ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯದಂತಾಯಿತು.

ಇದು ಮಾಲಕರಿಗೆ ಗೊತ್ತಾದರೆ ಚೆಕ್ಕರಿಕೆ ಹೋಗಿ ಗೋದಾಮಿನಲ್ಲಿ ಚೀಲ ಹೊರುವ ಪಾಳಿ ಬರುತ್ತದೆ. ಹೆಣ್ಣುಮಕ್ಕಳಿಗೆ ಗೊತ್ತಾದರೆ ಒಂದೊಂದು ಬೀಡಿಗೂ ಜಗಳ. ನಮ್ಮ ಕಡೆ ಚಾಳೀಸು ಎನ್ನುವ ಈ ಕನ್ನಡಕ ಮೂಗಿನ ಮೇಲೆ ಕೂತ ಮೇಲೆ ಯಾರು ಏನಾದರೂ ಅನ್ನಲಿ, ಕೂರುವವರೆಗೆ ಸುದ್ದಿ ಹೊರಬೀಳಬಾರದು. ಅಂದಮೇಲೆ ಊರ ಹೊರಗೇ ಮಾಡಿಸಬೇಕು. ಅದೂ ಸರ್ಕಾರಿ ವಿಮೆಯ ಕಾರ್ಡಿನ ಮೇಲೆಯೇ. ತಿಂಗಳು ತಿಂಗಳೂ ನನ್ನ ಪಗಾರದಲ್ಲಿ ಮುರಿದುಕೊಂಡವರು ಒಂದು ಕನ್ನಡಕವನ್ನಾದರೂ ಕೊಡಲಿ ಎಂಬ ಹಟ ನನ್ನದು.

ಚಿಕ್ಕೋಡಿ

ಕನ್ನಡಕದ ಅಂಗಡಿಯವನು ಕಾರ್ಡನ್ನು ಬೆಳಕಿಗೆ ಹಿಡಿದ, ತಿರುವಿದ, ಉಗುರಿನಿಂದ ಕೆರೆದ.

"ಫೋಟೋದಾಗಿನ ಮನಶಾಗ ತಲಿ ತುಂಬ ಕೂದಲ ಅದಾವಲ್ರಿ?"

"ಆವಾಗ ಇದ್ದುವ್ರಿ."

"ಹಂಗಾರ ಇದರಾಗಿನ ಹೆಸರ ಓದ್ರಿ ನೋಡೂಣು."

ಕಾರ್ಡನ್ನು ಮೂಗಿಗೆ ತಂದೆ, ತೋಳುದ್ದ ದೂರ ಹಿಡಿದೆ. ಒಂದಕ್ಷರ ಕಾಣಲಿಲ್ಲ. ಹೆಸರನ್ನು ಬಾಯಿಂದ ಹೇಳಿದೆ. ಅವನು ಒಪ್ಪಲಿಲ್ಲ.

"ಹೇಳಬ್ಯಾಡ್ರಿ, ಓದ್ರಿ. ತನ್ನ ಹೆಸರ ತಾನ ಓದಾಕ ಬರಲಿಲ್ಲಂದ್ರ, ಈ ಕಾರ್ಡ ಯಾರದೋ ಕಿಸೆದಾಗಿಂದು!"

"ಅಲ್ರೀ, ಓದಾಕ ಬಂದಿದ್ರ ನಿಮ್ಮ ಅಂಗಡಿಗೆ ಯಾಕ ಬರತಿದ್ದೆ?" ಎಂದೆ. ಅದಕ್ಕೆ ಅವನು, "ಅದ ನನಗೂ ಸಂಶೇ ಬಂದೈತಿ," ಎಂದು ಬಾಗಿಲು ತೋರಿಸಿದ.

ರಾಯಬಾಗ

ಇಲ್ಲಿ ಸಂತೆಯ ದಿನ. ಅಂಗಡಿಯ ಬೆಂಚಿನ ಮೇಲೆ ಸಾಲಾಗಿ ಜನ. ಒಬ್ಬೊಬ್ಬರ ಕೈಗೂ ಸಣ್ಣಕ್ಷರದ ಒಂದು ರಟ್ಟು ಕೊಟ್ಟು ಜೋರಾಗಿ ಓದಿಸುತ್ತಿದ್ದರು. ನನ್ನ ಪಾಳಿ ಬರುವಷ್ಟರಲ್ಲಿ ಮಗ್ಗಲಲ್ಲಿ ಯಾರೋ ಬಂದು ಕೂತರು.

"ಅಯ್ಯ, ಚೆಕ್ಕರ್ ಅಣ್ಣಾರ! ನೀವೂ ಇಲ್ಲಿ?"

ನಮ್ಮ ಕಾರ್ಖಾನೆಗೆ ಬೀಡಿ ಕಟ್ಟುವವಳು. ತವರುಮನೆ ಚಿಂಚಲಿಗೆ ಬಂದವಳು ತನ್ನ ಅವ್ವನ ಕಣ್ಣು ತೋರಿಸಲು ಕರೆದುಕೊಂಡು ಬಂದಿದ್ದಳು. "ಗೆಳ್ಯಾ ಬರ್ತೇನಂದಾನ, ಹಾದಿ ನೋಡಾಕತ್ತೇನಿ," ಎಂದು ಬಾಯಿಗೆ ಬಂದ ಸುಳ್ಳು ಹೇಳುತ್ತಿದ್ದಂತೆ ಅಂಗಡಿಯವರು ರಟ್ಟು ತಂದು ಕೈಯಲ್ಲಿಟ್ಟರು. ಅವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ನಾನು ಮರ್ಯಾದೆ ಉಳಿಸಿಕೊಳ್ಳಲು, ಅಷ್ಟು ಹೊತ್ತು ಕೇಳಿ ಕೇಳಿ ಬಾಯಿಪಾಠವಾಗಿದ್ದ ಸಾಲುಗಳನ್ನು ಮೇಲಿಂದ ಕೆಳಗೆ ಗಡಗಡ ಒಪ್ಪಿಸಿಬಿಟ್ಟೆ.

ಅಂಗಡಿಯವರ ಹುಬ್ಬು ಗಂಟಾಯಿತು. "ಪುಕ್ಕಟೆ ಚಾಳೀಸ ಒಯ್ದು ಎಲ್ಲಿ ಮಾರ್ತೀರಿ?" ಎಂದು ಕಾರ್ಡು ತಿರುಗಿ ಕೊಟ್ಟರು. "ರಟ್ಟ ತಲಿಕೆಳಗಾಗಿ ಹಿಡದೀರಿ. ಇಂಥಾ ಕಣ್ಣು ನನಗೂ ಇಲ್ಲ!"

ಅಥಣಿ

ಈ ಅಂಗಡಿಯವರು ಕಾರ್ಡು ನೋಡಿದ ಕೂಡಲೇ, "ನಡೀತೈತಿ, ಬರ್ರಿ, ಕೂಡ್ರಿ, ಚಹಾ ತಗೋಳ್ರಿ," ಎಂದರು.

ನನಗೆ ಆಗಲೇ ಅನುಮಾನ ಶುರುವಾಯಿತು. ಎರಡು ಊರಿನಲ್ಲಿ ಯಾರೂ ಒಪ್ಪದ ಕಾರ್ಡನ್ನು ಈತ ನಗುನಗುತ್ತಾ ತೆಗೆದುಕೊಳ್ಳುತ್ತಾನೆಂದರೆ ಮಾಲಿನಲ್ಲಿ ಏನೋ ಐಬು ಇರಲೇಬೇಕು. ಅವರು ಆರಿಸಿಕೊಳ್ಳಲೆಂದು ಒಂದು ಡಬ್ಬಿ ತುಂಬ ಫ್ರೇಮು ಮುಂದಿಟ್ಟರು. ಡಬ್ಬಿ ಕಂಡದ್ದೇ ನನ್ನ ಕೈ ತನ್ನ ಕೆಲಸಕ್ಕೆ ಇಳಿಯಿತು. ಒಂದೊಂದನ್ನೇ ಎತ್ತಿ ಬೆರಳಲ್ಲಿ ಹಿಚುಕಿದೆ. ಇದು ಸಡಿಲ, ಇದು ಸೊಟ್ಟ, ಇದರ ಕಿವಿಕಡ್ಡಿ ಸರಿಯಿಲ್ಲ ಎನ್ನುತ್ತಾ ಪಕ್ಕಕ್ಕೆ ಎಸೆಯುತ್ತಾ ಹೋದೆ. ಡಬ್ಬಿ ಬರಿದಾದ ಮೇಲೆ ತಲೆಯೆತ್ತಿ ನೋಡಿದರೆ ಅಂಗಡಿಯವರು ನೆಲದ ಮೇಲೆ ಕೂತು ಫ್ರೇಮು ಆಯುತ್ತಿದ್ದರು.

ನನ್ನ ಮುಂದಿದ್ದ ಚಹಾ ಕಪ್ಪನ್ನು ಎತ್ತಿಕೊಂಡು ಹೇಳಿದರು: "ಕಣ್ಣ ಕಾಣದನ ಇಷ್ಟ ಕೆಡವಿದ್ರಿ. ಚಾಳೀಸ ಕೊಟ್ರ ನನ್ನ ಅಂಗಡಿನ ಬಿಸಾಕತೀರಿ!"

ಕಾಗವಾಡ

ಐನಾಪುರದ ಬಸ್ಸು ಕೆಟ್ಟು, ಧೂಳು ತಿಂದು ಇಲ್ಲಿಗೆ ಮುಟ್ಟಿದೆ. ಗಡಿಯಾರ ರಿಪೇರಿಯ ಜೊತೆಗೆ ಕನ್ನಡಕವನ್ನೂ ಮಾಡುವ ಒಬ್ಬ ಮುದುಕರು ಕಾರ್ಡನ್ನು ಮುಟ್ಟಲೇ ಇಲ್ಲ; ಅದರ ಮೇಲಿನ ಊರ ಹೆಸರು ಓದಿ, ‘ಏನು ನೆಂಟರೇ’ ಎಂದು ಮರಾಠಿಯಲ್ಲಿ ಮಾತು ತೆಗೆದರು.

"ಕಾಯ್ ಪಾವ್ಣೇ, ಈ ಕಾರ್ಡ್ ತಗೋಳಾಂವ ನಿಮ್ಮ ನಿಪ್ಪಾಣ್ಯಾಗ ಅದಾನಲ್ಲ! ಅಲ್ಲಿಂದ ಚಾಳೀಸಕ್ಕ ಇಲ್ಲಿತನಕ ಬರಾವ್ರು ಎರಡ ನಮೂನಿ ಮಂದಿ. ಒಂದು ಪೊಲೀಸ್ರ ಕಣ್ಣ ತಪ್ಪಸಾವ್ರು, ಇನ್ನೊಂದು ಹೆಂಡ್ತಿ ಕಣ್ಣ ತಪ್ಪಸಾವ್ರು. ನೀವು ಯಾವ ಪೈಕಿ?"

ಎರಡೂ ಅಲ್ಲ ಎಂದೆ. "ಹಂಗಾರ ಎರಡೂ ಇರಬೇಕು," ಎಂದು ಗಡಿಯಾರದೊಳಗೆ ಮುಖ ತೂರಿಸಿದರು.

ನಿಪ್ಪಾಣಿ

ಕೊನೆಗೆ ಸೋತು, ತಲೆಗೆ ಟವೆಲ್ ಸುತ್ತಿಕೊಂಡು ನಡು ಮಧ್ಯಾಹ್ನ ನಮ್ಮ ಕಾರ್ಖಾನೆಯ ಹಿಂದಿನ ಗಲ್ಲಿಗೇ ಹೋದೆ. ಅಂಗಡಿಯವನು ಬೀಡಿ ಸೇದುತ್ತಾ ಕೂತಿದ್ದ. ಕಾರ್ಡು ನೋಡಿ ಪಾಪ ಎನ್ನುವಂತೆ ನನ್ನ ಮುಖ ನೋಡಿದ.

"ಕಾರ್ಡ್ ನಡೀತೈತ್ರಿ. ಆದ್ರ ನಿಮಗ ಕೊಡಾಕ ಬರಂಗಿಲ್ಲ."

"ಯಾಕ್ರಿ?"

"ನಿಮ್ಮಲ್ಲಿ ಬೀಡಿ ಕಟ್ಟೋ ಹೆಣ್ಮಕ್ಕಳೆಲ್ಲಾ ನನ್ನ ಗಿರಾಕಿ. ಚೆಕ್ಕರ್ ಅಣ್ಣಾರು ಬಂದ್ರ ಕಾರ್ಡ್ ನಡೆಯಂಗಿಲ್ಲ ಅಂತ ಹೇಳ್ರಿ ಅಂತ ಮೊದಲ ತಾಕೀತು ಮಾಡಿ ಹೋಗ್ಯಾರ."

ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಊರೂರು ತಿರುಗಿ ನಾನು ಬಚ್ಚಿಟ್ಟ ಗುಟ್ಟನ್ನು, ಮಾಲಕರ ಕಿವಿಗೆ ಬೀಳದಂತೆ ನನಗಿಂತ ಜೋಪಾನವಾಗಿ ಅವರೇ ಕಾಯ್ದಿದ್ದರು. ಅಷ್ಟರಲ್ಲಿ ಅಂಗಡಿಯವನ ಬೀಡಿ ಆರಿತು. ಹಚ್ಚಿದ. ಮತ್ತೆ ಆರಿತು.

"ಆ ಬೀಡಿ ಪಾಸ್ ಮಾಡಿದಾಂವ ನಾನ," ಎಂದೆ. "ಚಾಳೀಸ ಕೊಡ್ತೀರೋ, ಇಲ್ಲಾ ಜೀವಮಾನ ಪೂರ್ತಿ ಇಂಥಾವ ಸೇದ್ತೀರೋ?"

ಅವನು ಎದ್ದು ನಿಂತು ನನ್ನ ಕಣ್ಣು ಪರೀಕ್ಷೆ ಮಾಡಿದ.

ಕನ್ನಡಕ ಬಂದ ದಿನ ಸಂಜೆ ಅದನ್ನು ಹಾಕಿಕೊಂಡು ಕಟ್ಟೆಯ ಮೇಲೆ ಕೂತೆ. ಬುಟ್ಟಿಗಳ ಸಾಲು ಬೀದಿಯವರೆಗೆ ನಿಂತಿತ್ತು. ಮೊದಲು ನಿಂತ ಹಿರಿಯಾಕೆ ಬುಟ್ಟಿ ಇಳಿಸಲು ಬಗ್ಗಿದವಳು ನನ್ನ ಮುಖ ನೋಡಿ ಹಾಗೇ ನಿಂತಳು.

"ಚಾಳೀಸ ಬಂತೇನ್ರಿ ಅಣ್ಣಾರ? ಬಾಳ ಚಲೋ ಕಾಣತೈತಿ," ಎಂದು ನಕ್ಕಳು. ಬುಟ್ಟಿಯನ್ನು ಮತ್ತೆ ಸೊಂಟಕ್ಕೇರಿಸಿ, ಹಿಂದಿನ ಸಾಲಿಗೆ ಕೇಳುವಂತೆ ಕೂಗಿದಳು:

"ಏ, ಎಲ್ಲಾರೂ ಮನಿಗೆ ನಡೀರ್ಬೇ! ಇವನ್ನ ಬಿಚ್ಚಿ, ಖರೇನ ಬೀಡಿ ಕಟ್ಟಿಕೊಂಡ ಬರೂಣು!"